ಗಾಳಿ ತರಲು ಓಡಿದವನಿಗೆ

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಮಾರ್ಚ್ 14, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆ ಆಯ್ತಾ? ಹೊತ್ತಿಗೆ ಸರಿಯಾಗಿ ಕೂತು ಉಣ್ತೀಯಾ, ಇಲ್ಲ ಈಗಲೂ ನಿಂತುಕೊಂಡೇ ಎರಡು ತುತ್ತು ನುಂಗಿ ಓಡ್ತೀಯಾ? ಒಂಬತ್ತು ವರ್ಷ ತುಟಿ ಬಿಚ್ಚದ ಅಕ್ಕ ಈಗ ಊಟ ವಿಚಾರಿಸ್ತಾಳೆ ಅಂತ ನಗಬೇಡ. ನಿನ್ನ ವಿಳಾಸ ನನ್ನ ಮಗಳ ಹತ್ತಿರ ಇತ್ತಂತೆ. ಸೋದರಮಾವನೂ ಸೋದರಸೊಸೆಯೂ ನನ್ನ ಕಣ್ಣು ತಪ್ಪಿಸಿ ಕಾಗದ ಬರ್ಕೊಳ್ತಾ ಇದ್ದಿರಿ, ಕಳ್ಳರು!

ನನ್ನ ಸುದ್ದಿ ಅಂದ್ರೆ, ಗಂಟಲಲ್ಲಿ ಗಡ್ಡೆ. ಕ್ಯಾನ್ಸರ್. ಏಳು ತಿಂಗಳಾಯ್ತು. ಈ ರೂಮಿನ ಕಿಟಕಿ ತೆಗೆಯೋಕೆ ಬರಲ್ಲ, ಗಾಜನ್ನು ಚೌಕಟ್ಟಿಗೇ ಅಂಟಿಸಿಬಿಟ್ಟಿದ್ದಾರೆ. ರೇಡಿಯೇಷನ್ ಕೊಡುವಾಗ ಮುಖದ ಮೇಲೆ ಬಲೆಯಂಥ ಅಚ್ಚು ಹಾಕಿ ಹಲಗೆಗೆ ಬಿಗೀತಿದ್ರು. ಮೂಗು ತುರಿಸಿದ್ರೂ ಅಲ್ಲಾಡೋ ಹಾಗಿಲ್ಲ. ಮೂವತ್ತೈದು ಸಲ ಹಾಗೆ. ಆಮೇಲೆ ಮೈಯೊಳಗಿನ ಕಾವಲು ಕಣಗಳನ್ನೇ ಎಬ್ಬಿಸೋ ಔಷಧಿ ಅಂತ ನಾಲ್ಕು ಸಲ ಏರಿಸಿದ್ರು. ಪಕ್ಕದ ಮಂಚದ ಟೈಲರಮ್ಮನ ಗಡ್ಡೆ ಅದಕ್ಕೇ ಕರಗಿತು, ಆಕೆ ನಗುನಗ್ತಾ ಮನೆಗೆ ಹೋದಳು. ನನ್ನದು ಜಗ್ಗಲಿಲ್ಲ.

ಯಾಕೆ ಅಂತ ಕೇಳಿದೆ. ಡಾಕ್ಟರಮ್ಮ ಮಂಚದ ತುದಿಗೆ ಕೂತು, ರಿಪೋರ್ಟಿನ ಹಿಂದುಗಡೆ ಚಿತ್ರ ಬರೆದು ಹೇಳಿದಳು. ಗಡ್ಡೆ ಎಷ್ಟು ಅವಸರದಲ್ಲಿ ಬೆಳೆಯುತ್ತೆ ಅಂದ್ರೆ ರಕ್ತನಾಳಗಳು ಅದರ ಒಳತನಕ ಸರಿಯಾಗಿ ಮುಟ್ಟಲ್ವಂತೆ. ನಡುವೆ ಆಮ್ಲಜನಕ ತೀರಾ ಕಡಿಮೆ. ಕ್ಯಾನ್ಸರ್ ಕಣ, ಹಾಳಾದದ್ದು, ಅದರಲ್ಲೂ ಬದುಕೋದು ಕಲಿಯುತ್ತೆ. 'ನಾನೂ ನಿಮ್ಮವನೇ, ಬಿಟ್ಬಿಡಿ' ಅನ್ನೋ ಗುರುತನ್ನು ಮೈಮೇಲೆ ಇನ್ನಷ್ಟು ತೊಟ್ಟುಕೊಳ್ಳುತ್ತೆ. ಅದನ್ನು ಕೊಲ್ಲೋಕೆ ಹೋದ ಕಾವಲು ಕಣಗಳು ಮಾತ್ರ ಒಳಗೆ ಹೋಗ್ತಿದ್ದ ಹಾಗೆ ಸೋತುಬಿಡ್ತವೆ. "ಅವು ಹೇಡಿಗಳಲ್ಲಮ್ಮಾ," ಅಂದಳು, "ಅಲ್ಲಿ ಉಸಿರಿಲ್ಲ, ಅಷ್ಟೇ. ಇನ್ನಷ್ಟು ಕಳಿಸಿದ್ರೂ ಅವೂ ಅಲ್ಲೇ ಬೀಳ್ತವೆ."

ಗುಬ್ಬೀ, ನಾನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ನೋವು ಜಾಸ್ತಿ ಆಗಿದೆ ಅಂದುಕೊಂಡಳು, ಪಾಪ. ನನ್ನ ಕಣ್ಣ ಮುಂದೆ ಇದ್ದದ್ದು ಎಣ್ಣೆ ಕಾರ್ಖಾನೆಯ ಟ್ಯಾಂಕು. ನಿನ್ನ ಭಾವ ಅದನ್ನು ತೊಳೆಯೋಕೆ ಇಳಿದು, ಒಳಗೆ ಉಸಿರಾಡೋ ಗಾಳಿ ಇಲ್ಲದೆ ಕುಸಿದಾಗ ಮೇಲೆ ಇದ್ದವರು ನೀನು ಮತ್ತು ವೆಲ್ಡರ್. ವೆಲ್ಡರ್ ಹಿಂದೆಮುಂದೆ ನೋಡದೆ ಇಳಿದ; ಏಣಿ ಮುಗಿಯೋದ್ರೊಳಗೆ ಅವನೂ ಬಿದ್ದ. ನೀನು ಇಳೀಲಿಲ್ಲ. ಗಾಳಿ ಸಿಲಿಂಡರ್ ತರೋಕೆ ಗೋಡೌನಿಗೆ ಓಡಿದೆ. ತಂದು, ಮುಖವಾಡ ಕಟ್ಟಿಕೊಂಡು ಇಳಿದು ಇಬ್ಬರನ್ನೂ ಎತ್ತಿದೆ. ವೆಲ್ಡರ್ ಉಳಿದ. ಇವರು ಉಳೀಲಿಲ್ಲ. ನಾನು ನಿನ್ನ ಶರ್ಟು ಹಿಡಿದು, ನೆಂಟರೆಲ್ಲರ ಮುಂದೆ, "ಓಡಾಡಿದ ಐದು ನಿಮಿಷದಲ್ಲಿ ಇಳಿದಿದ್ರೆ ನನ್ನ ಗಂಡ ಇರ್ತಿದ್ದ. ಹೇಡಿ!" ಅಂದೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ.

ನೀನೂ ಹಾಗೇ ಇಳಿದಿದ್ರೆ ಮೂರು ಹೆಣ ಬರ್ತಿತ್ತು. ವೆಲ್ಡರ್ ಹೆಂಡತಿ ಮನೆತನಕ ಬಂದು ಬಿಡಿಸಿ ಹೇಳಿದ್ದಳು. ಗೊತ್ತಾಗದ ದಡ್ಡಿ ಏನಲ್ಲ ನಾನು. ಆದ್ರೆ ಯಾರನ್ನಾದ್ರೂ ಬೈಯದೆ ಆ ಮನೆಯಲ್ಲಿ ಒಂದು ದಿನ ಕಳೆಯೋಕೂ ಆಗ್ತಿರಲಿಲ್ಲ. ಬೈದೆ, ಆಮೇಲೆ ಮಾತು ಹಿಂದೆ ತಗೊಳ್ಳೋಕೆ ಬಿಗುಮಾನ ಅಡ್ಡ ಬಂತು. ಒಂಬತ್ತು ವರ್ಷ ನನ್ನ ಮಾತಿನೊಳಗೆ ನಾನೇ ಬೀಗ ಹಾಕ್ಕೊಂಡು ಕೂತೆ.

ಮಗಳು ದಿನಾ ಕೆಲಸ ಮುಗಿಸಿ ಬರ್ತಾಳೆ, ನನ್ನ ತಲೆ ಬಾಚಿ ಹೋಗ್ತಾಳೆ. ಮುಖ ನೋಡಿಲ್ಲದಿದ್ರೂ ನಿನ್ನ ಮನೆಯಾಕೆಗೆ ನಾನು ಕೇಳಿದೆ ಅಂತ ಹೇಳು. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ನನ್ನ ಆಯಸ್ಸಿನಲ್ಲಿ ಮಿಕ್ಕಿದ್ದು ನಿನಗೆ ಸೇರಲಿ.

ನಿನ್ನ ಬಾಯಿಬಡುಕಿ
ಅಕ್ಕ

ತಾಜಾ ಕಲಂ: ಅಂಚೆಗೆ ಕೊಡೋಕೆ ನರ್ಸ್ ಕೈ ಚಾಚಿ ನಿಂತಿದ್ದಾಳೆ, ಬೇಗ ಬರೀತೀನಿ. ಇಪ್ಪತ್ತಾರಕ್ಕೆ ಆಪರೇಷನ್. ಗಡ್ಡೆ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೀತಾರೆ. ಆಮೇಲೆ ಈ ನನ್ನ ಧ್ವನಿ ಇರಲ್ಲ. ಕ್ಷಮೆಯನ್ನು ಕಾಗದದಲ್ಲಿ ಕೇಳೋಕೆ ನನಗೆ ಇಷ್ಟ ಇಲ್ಲ. ಇಪ್ಪತ್ತೈದರೊಳಗೆ ಮಗಳ ನಂಬರಿಗೆ ಫೋನ್ ಮಾಡು. ನೀನು ಏನೂ ಹೇಳದಿದ್ರೂ ಪರವಾಗಿಲ್ಲ, ಕಿವಿಗಿಟ್ಟುಕೊಂಡ್ರೆ ಸಾಕು.