ಹೆಸರು ಕೊರೆಸಿದ ಲೋಟ

ಗ್ರೋನಿಂಗನ್, ಶನಿವಾರ

ಪ್ರೀತಿಯ ಅಕ್ಕ,

ಎಚ್‌ಐವಿ ಬಗ್ಗೆ ಕಪ್ಪು ಜನಾಂಗದ ಸಲಿಂಗಿಗಳು ಮೂವತ್ತು ವರ್ಷದ ಹಿಂದೆ ತಾವೇ ಮಾಡಿದ ಸಿನಿಮಾವೊಂದನ್ನು ನಿನ್ನೆ ಇಲ್ಲಿ ನೋಡಿದೆ. ಡಚ್ ಅಡಿಬರಹ ಮಾತಿಗಿಂತ ಮುಂದೆ ಓಡುತ್ತಿದ್ದುದರಿಂದ ಜನ ಜೋಕಿಗೆ ಮೊದಲೇ ನಕ್ಕರು. ಸಿನಿಮಾದಲ್ಲಿ ಕಾಯಿಲೆಯವನು ಅರ್ಧ ಕುಡಿದಿಟ್ಟ ಚಹಾವನ್ನು ಅವನ ಗೆಳೆಯ ಮಾತಾಡುತ್ತಲೇ ಕುಡಿದು ಮುಗಿಸುತ್ತಾನೆ.

ಆಮೇಲೆ ಪ್ರಶ್ನೆ ಕೇಳಲು ಹೇಳಿದರು. ಲೋಟದಿಂದ ಹರಡುವುದಿಲ್ಲವೇ ಎಂದು ಕೇಳಿದೆ. ಪಕ್ಕದಲ್ಲಿದ್ದ ಸುರಿನಾಮ್ ಮೂಲದ ಅಜ್ಜ, "ನನಗೆ ಇದು ಬಂದು ಇಪ್ಪತ್ತೆಂಟು ವರ್ಷ. ನನ್ನ ಗಂಡ ದಿನಾ ನನ್ನ ಕಾಫಿ ಕದ್ದು ಕುಡಿಯುತ್ತಾನೆ. ಅವನಿಗೆ ಬಂದದ್ದು ಸಕ್ಕರೆ ಕಾಯಿಲೆ ಮಾತ್ರ," ಎಂದು ತಮ್ಮ ಲೋಟ ಚಾಚಿದರು. ಎರಡು ಗುಟುಕು ಕುಡಿದೆ. ತಣ್ಣಗಾಗಿತ್ತು.

ವಾಮನ ಮಾಮನಿಗೂ ಇದೇ ಕಾಯಿಲೆ ಎಂದು ರಕ್ತದ ರಿಪೋರ್ಟ್ ಬಂದ ವಾರವೇ ಅವರ ಹೆಸರು ಕೊರೆಸಿದ ಸ್ಟೀಲ್ ಲೋಟ ತಂದವಳು ನಾನು. ಹುಟ್ಟುಹಬ್ಬದ ಉಡುಗೊರೆ ಎಂದು ಹೇಳಿದ್ದೆ. ಹುಟ್ಟುಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿತ್ತು.

ನನ್ನ ಕೆಮ್ಮು ವಾಸಿಯಾಗಿದೆ. ಡಿಸೆಂಬರಿನಲ್ಲಿ ಬಂದಾಗ ನನಗೆ ಆ ಲೋಟದಲ್ಲೇ ಕಾಫಿ ಕೊಡು. ಮಾಮನಿಗೆ ಕೈಗೆ ಸಿಕ್ಕಿದ್ದರಲ್ಲಿ ಕೊಡು.

ಪೋಸ್ಟ್‌ಮ್ಯಾನ್ ಬಂದಾಗ ಗೇಟಿಗೆ ಹೋಗಿ ಇಂಥ ತೆರೆದ ಕಾರ್ಡನ್ನು ಮೊದಲು ಓದುವವರು ಮಾಮನೇ, ನೆನಪಿದೆ. ಮಾಮ, ತಪ್ಪಾಯಿತು. ಓದಿದ ಮೇಲೆ ಅಕ್ಕನಿಗೆ ಕೊಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಸಂಪ್ರೀತಾ