ನಕ್ಷತ್ರ ಹೋದ ಸಾಲು

೯ ಏಪ್ರಿಲ್, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆದಿಲ್ಲ, ಬೈಯಬೇಡ. ಬರೆಯಲು ಕೂತರೆ ಪಾಪು ಪೆನ್ನು ಕಸಿಯುತ್ತಾಳೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ, ಕೈಯೂ ಓಡುವುದಿಲ್ಲ. ಈಗ ಕಚೇರಿಯ ಊಟದ ಬಿಡುವಿನಲ್ಲಿ ಕೂತಿದ್ದೇನೆ. ಭಾವ, ಮಕ್ಕಳು ಕ್ಷೇಮವೇ?

ನನ್ನ ಕೆಲಸ ಗೊತ್ತಲ್ಲ: ಈ ದೇಶದಲ್ಲಿ ಎಚ್‌ಐವಿ ಇರುವವರು ಎಲ್ಲಿ ಹುಟ್ಟಿದವರು, ಈಗ ಯಾವ ವಲಯದಲ್ಲಿದ್ದಾರೆ ಎಂದು ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡುವುದು. ಹೆಸರಿಲ್ಲ, ಬರೀ ಎಣಿಕೆ. ಐದಕ್ಕಿಂತ ಕಡಿಮೆಯಿದ್ದರೆ ಅಂಕಿಯ ಬದಲು ನಕ್ಷತ್ರದ ಗುರುತು ಹಾಕುತ್ತೇವೆ, ಯಾರೆಂದು ಊಹಿಸಬಾರದಲ್ಲ. ನಮ್ಮ ದೇಶದ ಸಾಲಿನಲ್ಲಿ ಇದುವರೆಗೆ ನಕ್ಷತ್ರವೇ ಇತ್ತು.

ಬೆಳಿಗ್ಗೆ ಮೇಲಧಿಕಾರಿ ಕರೆದರು. "ನೋಡಮ್ಮ, ನಿಮ್ಮವರ ನಕ್ಷತ್ರ ಹೋಯ್ತು. ನಾಲ್ಕಿದ್ದಿದ್ದು ಐದಾಗಿದೆ. ಯಾರೋ ಹೊಸಬರಾ?"

"ನಮ್ಮವರ ಪಟ್ಟೀನ ಮಡಿಲಲ್ಲಿ ಕಟ್ಕೊಂಡು ಓಡಾಡ್ತೀನಾ ಸಾರ್?" ಅಂದೆ.

ನಕ್ಕರು. "ತಪ್ಪು ನಮೂದೂ ಇರಬಹುದು. ತಾಳೆ ನೋಡಿ ಸಹಿ ಹಾಕಮ್ಮ."

ಹೊಸಬರಲ್ಲ ಅಕ್ಕ, ನಾನೇ. ಬಸುರಿಯಾಗಿದ್ದಾಗ ನನ್ನ ಪರೀಕ್ಷೆಯ ಫಲಿತಾಂಶ ತಿಳಿದು ನಿನಗೆ ಹೇಳಿದ ದಿನ, ಹುಟ್ಟಿದ್ದು ಇಲ್ಲೇ ಎಂದು ಫಾರಂನಲ್ಲಿ ಸುಳ್ಳು ಬರೆದಿದ್ದೆ. ಇಲ್ಲಿಯವರು ಸಾವಿರಾರು, ಅವರ ನಡುವೆ ನಾನು ಯಾರ ಕಣ್ಣಿಗೆ ಬೀಳುತ್ತೇನೆ ಎಂದುಕೊಂಡೆ. ಊರವರ ಫಾರಂನ ತಪ್ಪು ಹಿಡಿಯುವವಳು ನಾನು, ನೋಡು. ಕಳೆದ ತಿಂಗಳ ಕೊನೆಗೆ ಪಾಪುವಿನ ಹದಿನೆಂಟು ತಿಂಗಳ ಪರೀಕ್ಷೆಗೆ ಹೋದಾಗ ನರ್ಸ್ ತಡೆದಳು. "ನಿಮ್ಮ ಗುರುತಿನ ಚೀಟೀಲಿ ಒಂದು ದೇಶ, ಈ ಫಾರಂನಲ್ಲಿ ಇನ್ನೊಂದು ದೇಶ. ಹೀಗಿದ್ರೆ ಮಗು ರಕ್ತ ಲ್ಯಾಬಿಂದ ವಾಪಸ್ ಬರುತ್ತೆ ಕಣ್ರೀ." ಅವಳಿಗೆ ಮತ್ತೆ ಸೂಜಿ ಚುಚ್ಚಿಸಲಾರೆ. ನಿಜ ಬರೆದುಕೊಟ್ಟೆ.

ಈ ವಲಯದಲ್ಲಿ ನಮ್ಮವರದು ಮೂವತ್ತು ಮನೆ. ಐದು ಎಂದು ಅಚ್ಚಾದರೆ ಪ್ರತಿ ಬಾಗಿಲನ್ನೂ ಮನಸ್ಸಿನಲ್ಲೇ ತಟ್ಟಿ ನೋಡುತ್ತಾರೆ. ತಪ್ಪು ನಮೂದು ಎಂದು ನನ್ನದನ್ನು ಅಳಿಸಬಹುದಿತ್ತು. ಆದರೆ ಪಾಪುವಿನ ಕಾರ್ಡು ಅದಕ್ಕೇ ಅಂಟಿಕೊಂಡಿದೆ. ಸಹಿ ಹಾಕಿ ಬಂದೆ.

ನಾಳೆ ಹನ್ನೊಂದಕ್ಕೆ ಅವಳ ಫಲಿತಾಂಶ. ಇದೇ ಕೊನೆಯ ಪರೀಕ್ಷೆ, ಅವಳಿಗೂ ಇದೆಯೋ ಇಲ್ಲವೋ ಎಂದು ಇದರಲ್ಲೇ ತೀರ್ಮಾನ. ನಾನು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. "ಏನೂ ಆಗಲ್ಲ, ಸುಮ್ನಿರೇ" ಎನ್ನುತ್ತಾರೆ ಇವರು. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಭಾವನಿಗೆ ನಮಸ್ಕಾರ. ಮಕ್ಕಳು ನೂರ್ಕಾಲ ಚೆನ್ನಾಗಿರಲಿ.

ನಿನ್ನ ಪುಟ್ಟಿ

ಬಿಟ್ಟುಹೋದ ಮಾತು: ಹೆರಿಗೆಗೆ ಬಂದಾಗ ನೀನು ನನ್ನ ಬಟ್ಟೆ ಒಗೆದೆ, ಕಾಲು ಒತ್ತಿದೆ. ಆದರೆ ಆಗಲೂ, ಮೊನ್ನೆ ಫೆಬ್ರವರಿಯಲ್ಲಿ ಬಂದಾಗಲೂ, ನೀನು ಪಾಪುವಿಗೆ ನೇರವಾಗಿ ಮುತ್ತಿಡದೆ, ನಿನ್ನ ಬೆರಳಿಗೆ ಮುತ್ತಿಟ್ಟು ಆ ಬೆರಳನ್ನು ಅವಳ ಹಣೆಗೆ ತಾಗಿಸುತ್ತಿದ್ದೆ. ನಾನದನ್ನು ನೋಡಿದ್ದೇನೆ. ಈಗ ಅವಳೂ ಅದನ್ನೇ ಕಲಿತಿದ್ದಾಳೆ ಅಕ್ಕ. ತನ್ನ ಬೆರಳಿಗೆ ಮುತ್ತಿಟ್ಟು, ನನ್ನ ಕೆನ್ನೆಗೆ ತಾಗಿಸುತ್ತಾಳೆ.