ಒಂಬತ್ತನೆಯ ಕಂಬ

ಪ್ರಿಯ ಇಂಚರಾ,

ಹಳೇ ತೋಟದ ಕಂಬದ ಮಂಟಪ, ಆ ಸಮ್ಮರ್‌ಹೌಸನ್ನು ಅಳೆದು ನಾನು ಬರೆದ ಡ್ರಾಯಿಂಗ್‌ನ ರಫ್ ಕಾಪಿಯನ್ನು ನೀನು ಕದ್ದು, ಟ್ರೇಸ್ ಮಾಡಿ, ನಿನ್ನದೆಂದು ಕೊಟ್ಟೆ. ಕಾಪಿ ಮಾಡಿದವಳು ದೀಕ್ಷಾ ಎಂದು ನೀನೇ ಪ್ರೊಫೆಸರ್‌ಗೂ ಹೇಳಿದೆ. “ಬಿಡೇ ಪುಕ್ಲಿ, ನೀನೆಲ್ಲಿ ಬಾಯಿ ಬಿಡ್ತೀಯ” ಅಂತ ನಕ್ಕೆ.

ಪ್ರೊಫೆಸರ್ ಮುಂದೆ ನಾನು ಬಾಯಿ ಬಿಟ್ಟೆ. ನಾಳೆ ಹತ್ತಕ್ಕೆ ಇಬ್ಬರ ಡ್ರಾಯಿಂಗನ್ನೂ ಪ್ರೊಫೆಸರ್ ಸಮ್ಮರ್‌ಹೌಸ್‌ಗೇ ತರುತ್ತಾರೆ. ಕಾಪಿ ಮಾಡಿದವಳು ಫೇಲ್.

ಊರಲ್ಲಿದ್ದಾಗ ನಮ್ಮ ಹಾಸ್ಟೆಲ್‌ನಲ್ಲಿ ಕಳ್ಳರಿಗೆಂದೇ ರಫ್ ಕಾಪಿಯಲ್ಲಿ ಒಂದು ತಪ್ಪು ಬರೆದಿಡುತ್ತಿದ್ದೆವು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ನೀನು ಕದ್ದದ್ದರಲ್ಲಿ ಒಂಬತ್ತು ಕಂಬಗಳಿವೆ. ಸಮ್ಮರ್‌ಹೌಸ್‌ಗೆ ಇರುವುದು ಎಂಟೇ, ನಾನು ಕೊಟ್ಟ ಡ್ರಾಯಿಂಗ್‌ನಲ್ಲೂ ಎಂಟೇ. ಟೆನ್ಷನ್ ಆಗಿ ಇವತ್ತು ಮೂರು ಸಲ ಹೋಗಿ ಎಣಿಸಿ ಬಂದೆ.

ವುಡ್‌ಬ್ರಿಡ್ಜ್‌ನ ನಿನ್ನ ರೂಮಿನಿಂದ ಬೇಗ ಹೊರಡು, ಪ್ಲೀಸ್. ಹುಲ್ಲು ಒದ್ದೆಯಿದೆ, ಒಳ್ಳೇ ಶೂ ಹಾಕಿಕೊ. ಕಂಬಗಳನ್ನು ನೀನೇ ಎಣಿಸು, ಹಿಂದೆ ನಿಂತ ಕ್ಲಾಸಿನವರಿಗೂ ಕೇಳುವಂತೆ.

ಇಂತಿ ನಿನ್ನ ಪುಕ್ಲಿ,
ದೀಕ್ಷಾ